ಯಾವ ಅರ್ಧ?

ಪ್ಲೇಯರಿನ ಪರದೆಯ ಮೇಲೆ ರೆಕಾರ್ಡಿಂಗಿನ ಹೆಸರು ಬಂತು, ಒಂದು ಗುಟುಕು ಸದ್ದು ಬಂತು, ನಿಂತಿತು. ಮತ್ತೊಂದು ಗುಟುಕು. ಹಳೆಯ ಪ್ಲೇಯರಿಗೆ ಬಿಕ್ಕಳಿಕೆ ಹತ್ತಿತ್ತು.

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ. ತಂತಿವಾದ್ಯಗಳ ರಿಪೇರಿ ಅವನ ಕಸುಬು. ಹೋದ ವರ್ಷ ಒಂದು ಚೆಲ್ಲೊ ಬಂದಿತ್ತು; ಪಿಟೀಲಿನ ದೊಡ್ಡಣ್ಣ, ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವಂಥದ್ದು. ಮುಂಬದಿಯ ಹಲಗೆ ಉದ್ದಕ್ಕೂ ಸೀಳಿತ್ತು. ಅದನ್ನು ಅಂಟಿಸಿ ಕಳಿಸಿದ ಮೇಲೆ ಅವನು ಇನ್ನೊಂದು ವಾದ್ಯ ಮುಟ್ಟಿರಲಿಲ್ಲ. ಅಂಟು ಎಲ್ಲೋ ಹಿಡಿದಿಲ್ಲ, ದಪ್ಪ ತಂತಿಯ ಮೇಲೆ ಕಮಾನನ್ನು ಗಟ್ಟಿಯಾಗಿ ಎಳೆದರೆ ಜಿರ್ರೆನ್ನುತ್ತದೆ ಎಂಬ ಅನುಮಾನ ಅವನನ್ನು ತಿನ್ನುತ್ತಿತ್ತು. ಈಗ ಅದೇ ಚೆಲ್ಲೊವನ್ನು ದೊಡ್ಡ ಸಭಾಂಗಣದಲ್ಲಿ ನುಡಿಸಿದ್ದರು. ರೆಕಾರ್ಡ್ ಮಾಡಿದವಳು ನಾನೇ. ನನಗೇನೂ ಜಿರ್ರೆಂದು ಕೇಳಿಸಿರಲಿಲ್ಲ, ಆದರೆ ನನ್ನ ಕಿವಿಯನ್ನು ಅಪ್ಪ ಎಂದೂ ನಂಬಿದವನಲ್ಲ.

"ಜಿರ್ರಂದ್ರೆ ಮುಗೀತು," ಎಂದ. "ಉಳಿ, ಅರ ಎಲ್ಲಾ ಯಾರಿಗಾದ್ರೂ ಕೊಟ್ಬಿಡ್ತೀನಿ."

ಹೊಸ ಪ್ಲೇಯರು ತರುತ್ತೇನೆಂದರೆ ಒಪ್ಪಲಿಲ್ಲ. ಈ ಪೆಟ್ಟಿಗೆ ಯಾವ ಸದ್ದನ್ನು ನುಂಗುತ್ತದೆ, ಯಾವುದನ್ನು ಉಗುಳುತ್ತದೆ ಎಂದು ತನಗೆ ಗೊತ್ತಂತೆ. ಹೊಸದು ಸುಳ್ಳು ಹೇಳಿದರೆ ಹಿಡಿಯುವುದು ಹೇಗಂತೆ.

ತಪ್ಪು ಪೆಟ್ಟಿಗೆಯದಲ್ಲ. ನನ್ನ ಫೈಲು ಸದ್ದನ್ನು ಸೆಕೆಂಡಿಗೆ ಎರಡು ಲಕ್ಷದ ಹತ್ತಿರ ಸಲ ಅಳೆದದ್ದು. ಪೆಟ್ಟಿಗೆಯ ಹೊಟ್ಟೆಗೆ ಅರಗುವುದು ಅದರ ಅರ್ಧ ಮಾತ್ರ. ಪ್ಲೇಯರಿಗೆ ಕಳಿಸುವಾಗಲೇ ಅರ್ಧಕ್ಕೆ ಇಳಿಸುವಂತೆ ಕಂಪ್ಯೂಟರಿನಲ್ಲಿ ಬದಲಿಸಿದೆ.

"ಅರ್ಧ ಅಂದ್ರೆ ಯಾವ ಅರ್ಧ?" ಅಪ್ಪ ಕೇಳಿದ. "ಜಿರ್ರನ್ನೋ ಅರ್ಧಾನೇ ಹೋದ್ರೆ?"

ಹೋಗುವುದು ಬಾವಲಿಗಳಿಗಷ್ಟೇ ಕೇಳುವ ಭಾಗ ಎಂದೆ.

"ಒಂದು ಬಾವಲೀನೂ ಕರ್ಕೊಂಡ್ ಬಂದು ಕೂರಿಸ್ಕೊಳ್ರೀ," ಎಂದಳು ಅಮ್ಮ. "ಅದೂ ಸಾಕ್ಷಿ ಹೇಳ್ಲಿ."

ವೈಫೈ ಸಾಲದೆಂದು ಪಕ್ಕದ ಕೋಣೆಯಿಂದ ಕೇಬಲ್ ಎಳೆದೆ. ಬಾಗಿಲಿನ ಅಡಿಯಿಂದ ತಂದರೂ ಗೇಣುದ್ದ ಕಡಿಮೆ ಬಿತ್ತು. ಪ್ಲೇಯರನ್ನು ಕಪಾಟಿನಿಂದ ಇಳಿಸಿ ಸ್ಪೀಕರಿನ ನೆತ್ತಿಯ ಮೇಲಿಟ್ಟೆ.

ಈ ಸಲ ಬಿಕ್ಕಲಿಲ್ಲ. ಮೊದಲು ಬಂದದ್ದು ಸಂಗೀತವಲ್ಲ, ಸಭಾಂಗಣ. ಸದ್ದೇ ಇರಲಿಲ್ಲ, ಆದರೂ ನಮ್ಮ ಕೋಣೆಯ ಗೋಡೆಗಳು ಹಿಂದೆ ಸರಿದು ಸೂರು ಮೇಲೇರಿದ ಹಾಗಾಯಿತು. ಅಮ್ಮ ತಲೆಯೆತ್ತಿ ನೋಡಿದಳು. ಆಮೇಲೆ ಕಮಾನು ದಪ್ಪ ತಂತಿಗೆ ಇಳಿಯಿತು.

ಜಿರ್ರ್.

ಅಪ್ಪ ಕಣ್ಣು ಮುಚ್ಚಿದ. ಮತ್ತೆ ಅದೇ ಸ್ವರ, ಮತ್ತೆ ಜಿರ್ರ್. ನಾನು ಅರ್ಧ ಮಾಡಿದ್ದರಿಂದಲೇ ಹೀಗಾಯಿತೇನೋ ಎಂದು ನನಗೂ ಅನುಮಾನ ಬಂತು.

ಅವನ ಅಂಗಡಿಯಲ್ಲಿ ಒಂದು ರೂಢಿಯಿತ್ತು. ಜಿರ್ರೆಂದರೆ ಯಾರೂ ಮಾತಾಡಕೂಡದು. ಕೋಣೆಯ ಒಂದೊಂದೇ ವಸ್ತುವನ್ನು ಬೆರಳಿನಿಂದ ಒತ್ತಿ ನೋಡಬೇಕು. ದೀಪ, ಕನ್ನಡಕ, ಅಂಗಿಯ ಗುಂಡಿ ಕೂಡ. ವಾದ್ಯವನ್ನು ದೂರುವುದು ಎಲ್ಲಕ್ಕೂ ಕೊನೆಗೆ. ಇವತ್ತು ಅವನೇ ಅದನ್ನು ಮರೆತು ಕೂತಿದ್ದ.

ಎದ್ದವಳು ಅಮ್ಮ. ಕಿಟಕಿಯ ಗಾಜಿಗೆ ಬೆರಳಿಟ್ಟಳು. ಜಿರ್ರ್. ನಾನು ದೀಪದ ಬುರುಡೆಯನ್ನು ಒತ್ತಿದೆ. ಜಿರ್ರ್. ಅಮ್ಮ ಕಪಾಟಿನ ಬಾಗಿಲು ಹಿಡಿದಳು. ಕಡೆಗೆ ಅಪ್ಪನೂ ಎದ್ದ. ತಪ್ಪೊಪ್ಪಿಕೊಳ್ಳಲು ಹೊರಟವನ ಹಾಗೆ ನಡೆದು ಬಂದು, ಪ್ಲೇಯರಿನ ತಗಡಿನ ಮುಚ್ಚಳದ ಮೇಲೆ ಬೆರಳೂರಿದ.

ನಿಂತಿತು.

ಸ್ವರ ಮಾತ್ರ ಉಳಿಯಿತು. ಅದು ನೆಲದಿಂದ ಏಳುತ್ತಿತ್ತು, ನನ್ನ ಅಂಗಾಲಿಗೆ ಮೊದಲು, ಕಿವಿಗೆ ಆಮೇಲೆ. ನುಡಿಸುವವಳು ಉಸಿರೆಳೆದುಕೊಂಡದ್ದು, ಬೆರಳು ತಂತಿಯ ಮೇಲೆ ಜಾರಿದ್ದು, ಅದರಡಿಯಲ್ಲಿ ಮರ, ಸೀಳಿ ಕೂಡಿಕೊಂಡ ಮರ, ಒಂದೇ ಹಲಗೆಯಾಗಿ ಉಸಿರಾಡುತ್ತಿದ್ದದ್ದು. ಅಲ್ಲೇ ಕೂತು ರೆಕಾರ್ಡ್ ಮಾಡಿದವಳು ನಾನು, ಇದನ್ನು ಕೇಳಿಸಿಕೊಂಡೇ ಇರಲಿಲ್ಲ.

ಪ್ಲೇಯರನ್ನು ಸ್ಪೀಕರಿನ ಮೇಲಿಂದ ಕೆಳಗಿಡುತ್ತೇನೆಂದು ಕೈಚಾಚಿದೆ. ಅಪ್ಪ ಬೇಡವೆಂದು ತಲೆಯಾಡಿಸಿದ. ಕೊನೆಯವರೆಗೂ ಹಾಗೆಯೇ ನಿಂತಿದ್ದ.

"ಅಟ್ಟದ ಮೇಲೆ ಆ ಒಡೆದ ಪಿಟೀಲು ಇದೆಯಲ್ಲ," ಅಮ್ಮನಿಗೆ ಮೆಲ್ಲಗೆ ಹೇಳಿದ, "ಇಳಿಸು."

"ಬೆರಳು ತೆಗೆದು ನೀವೇ ಇಳಿಸ್ಕೊಳ್ಳಿ."

ಅವನು ತೆಗೆಯಲಿಲ್ಲ. ಕೊನೆಯ ಸ್ವರದ ಹಿಂದೆ ಸಭಾಂಗಣದ ಮಾರ್ದನಿ ಇನ್ನೂ ಆರುತ್ತಿತ್ತು.