ಚಿಕ್ಕಮ್ಮನ ಬಾಗಿಲು, ಪ್ಲಸ್ ಸಾವಿರದ ನಾನೂರು

ನಾವೆಲ್ಲ ಕತ್ತರಿ ಎಂದು ಕರೆಯುವ ಮ್ಯಾನೇಜರ್ ಆ ಕಾಗದವನ್ನು ಮೇಜಿನ ಮೇಲೆ ಎಸೆದ ರೀತಿಗೆ ಹಿನ್ನೆಲೆಯಲ್ಲಿ ಯಾರಾದರೂ ಡ್ರಮ್ ಬಾರಿಸಬೇಕಿತ್ತು.

"ಓದಿ ಮೇಡಂ. ಜೋರಾಗಿ ಓದಿ. ಹಿಂದೆ ಕೂತೋರಿಗೂ ಕೇಳ್ಲಿ."

ಚಿಕ್ಕಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಓದಿದಳು. "ದೋಷ ಕಂಡ ಜಾಗ: ಚಿಕ್ಕಮ್ಮನ ಬಾಗಿಲು, ಪ್ಲಸ್ ಸಾವಿರದ ನಾನೂರು."

ಓದಿ ತಲೆಯೆತ್ತಿದವಳು ಬೇರೆ ಯಾರನ್ನೂ ನೋಡಲಿಲ್ಲ. ನನ್ನನ್ನೇ ನೋಡಿದಳು. ಆ ನೋಟಕ್ಕೆ ಸಬ್‌ಟೈಟಲ್ ಬೇಕಿರಲಿಲ್ಲ.

ನಮ್ಮದು ಲಿಫ್ಟ್ ಮಾಡುವ ಕಂಪನಿ. ಲಿಫ್ಟಿನ ಕಂಪ್ಯೂಟರ್ ಚಿಪ್‌ನೊಳಗೆ ಓಡುವ ಪ್ರೋಗ್ರಾಂ ಹದಿನೇಳು ವರ್ಷ ಹಳೆಯದು. ಮನುಷ್ಯರು ಓದುವಂತೆ ಬರೆದಿದ್ದ ಮೂಲ ಪ್ರತಿ ಯಾವುದೋ ಡಿಸ್ಕ್ ಜೊತೆ ಸತ್ತುಹೋಗಿದೆ. ಉಳಿದಿರುವುದು ಯಂತ್ರಕ್ಕೆ ಮಾತ್ರ ಅರ್ಥವಾಗುವ ಅಂಕಿಗಳ ರಾಶಿ. ಅದನ್ನು ಬಿಡಿಸಿ, ಎಲ್ಲಿಂದ ಯಾವ ಕೆಲಸ ಶುರುವಾಗುತ್ತದೆ ಎಂದು ಊಹಿಸಿ, ಆ ಜಾಗದ ಅಂಕಿಗೆ, ಅಂದರೆ ವಿಳಾಸಕ್ಕೆ, ಒಂದು ಹೆಸರು ಕೊಡುವುದು ನನ್ನ ಕೆಲಸ. ಎರಡು ಸಾವಿರ ವಿಳಾಸಗಳಲ್ಲಿ ಆರು ನೂರಕ್ಕೆ ಹೆಸರಿಟ್ಟಿದ್ದೆ. ಹೀಗೆ ದಿನವಿಡೀ ಹೆಸರಿಡುತ್ತಾ ಕೂತವನಿಗೆ ಬೇಜಾರಾಗುತ್ತದೆ, ಬೇಜಾರಾದರೆ ನಾನು ಕೋತಿ. ಲಿಫ್ಟಿನ ಬಾಗಿಲು ಮುಚ್ಚುವ ತುಣುಕು ಬರೆದವಳು ನಮ್ಮ ಅಮ್ಮನ ತಂಗಿ ಎನ್ನುವುದು ಆಫೀಸಿಗೆಲ್ಲ ಗೊತ್ತು. 'ಬಾಗಿಲು ಮುಚ್ಚು' ಎಂದು ಸಪ್ಪೆಯಾಗಿ ಬರೆಯುವ ಬದಲು 'ಚಿಕ್ಕಮ್ಮನ ಬಾಗಿಲು' ಎಂದು ಬರೆದೆ. ಪಕ್ಕದ ಸೀಟಿನವರು ನಕ್ಕರು. ನನ್ನ ಪಾಲಿಗೆ ಪಿಕ್ಚರ್ ಅಲ್ಲಿಗೆ ಮುಗಿದಿತ್ತು.

ಹೋದ ವಾರ ಒಂದು ಅಂಗಡಿ ಮಳಿಗೆಯಲ್ಲಿ ನಮ್ಮ ಲಿಫ್ಟಿನ ಬಾಗಿಲು ಒಬ್ಬ ಹೆಂಗಸಿನ ಮುಂಗೈ ಮೇಲೆ ಮುಚ್ಚಿಕೊಂಡಿತು. ಎರಡು ಮೂಳೆ ಮುರಿದವು. ಕೆಟ್ಟು ನಿಂತ ಕ್ಷಣದಲ್ಲಿ ಪ್ರೋಗ್ರಾಂ ಯಾವ ವಿಳಾಸದಲ್ಲಿತ್ತು ಎಂದು ಚಿಪ್ ಬರೆದಿಟ್ಟುಕೊಂಡಿತ್ತು. ಕ್ವಾಲಿಟಿ ವಿಭಾಗದ ಮುಖ್ಯಸ್ಥ, ಅಂದರೆ ಈ ಕತ್ತರಿ (ರಜೆ, ಟೀ, ಮಾತು ಎಲ್ಲವನ್ನೂ ಕತ್ತರಿಸುವವನು), ಆ ವಿಳಾಸವನ್ನು, ವಿಳಾಸ ಕೊಟ್ಟರೆ ಹೆಸರು ಹೇಳುವ ನನ್ನ ಟೂಲಿಗೆ ಹಾಕಿದ. ಟೂಲು ಚಿಕ್ಕಮ್ಮನ ಹೆಸರು ಹೇಳಿತು.

"ನಾನೇನೂ ಹೇಳ್ತಿಲ್ಲಪ್ಪ, ಮಷೀನೇ ಹೇಳ್ತಿದೆ," ಎಂದ ಕತ್ತರಿ, ದೊಡ್ಡವರ ಕಡೆ ತಿರುಗಿ. ಕಂಪನಿಯ ಯಜಮಾನರನ್ನು ನಾವೆಲ್ಲ ಕರೆಯುವುದೇ ದೊಡ್ಡವರು ಎಂದು. "ಪಾಪದ ಹೆಂಗಸಿನ ಕೈ ಹೋಯ್ತು. ಇವತ್ತೇ ಮೇಡಂನ ಕಳಿಸ್ಬಿಟ್ರೆ ನಮ್ಮ ಮರ್ಯಾದೆ ಉಳಿಯತ್ತೆ. ಕಾಗದ ರೆಡಿ ಇದೆ, ಸಾರ್. ಸಹಿ ಒಂದು ಬಾಕಿ."

"ನಾನು ಬರ್ದಿದ್ದು ಇಷ್ಟುದ್ದ ಇರ್ಲಿಲ್ಲ," ಎಂದಳು ಚಿಕ್ಕಮ್ಮ.

"ಹದಿನೇಳು ವರ್ಷ ಆಯ್ತಲ್ಲ ಮೇಡಂ. ವಯಸ್ಸಾದ್ಮೇಲೆ ಮರೆವು ಸಹಜ."

ಯಾರೋ ಕಿಸಕ್ಕೆಂದರು. ಚಿಕ್ಕಮ್ಮನ ಕುತ್ತಿಗೆ ಕೆಂಪಾಯಿತು. ಸಾವಿರದ ನಾನೂರು ಎಂದ ಕೂಡಲೇ ಏನಾಗಿದೆಯೆಂದು ನನಗೆ ಗೊತ್ತಾಗಿತ್ತು. ಬಾಯಿ ಬಿಟ್ಟರೆ ನನ್ನ ಕುಚೇಷ್ಟೆ ಬಯಲಾಗುತ್ತದೆ, ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಬಿಡದಿದ್ದರೆ ಚಿಕ್ಕಮ್ಮನ ಕೆಲಸ ಹೋಗುತ್ತದೆ, ದೊಡ್ಡವರ ಪೆನ್ನಿನ ಮುಚ್ಚಳ ಆಗಲೇ ತೆರೆದಿತ್ತು.

"ಸಾರ್, ಒಂದ್ನಿಮಿಷ!" ಎಂದು ಎದ್ದೆ. ಕುರ್ಚಿ ಹಿಂದಕ್ಕೆ ಬಿತ್ತು. ಹೀರೋ ಎಂಟ್ರಿ ಆಗಬೇಕಿತ್ತು, ಕಾಮಿಡಿ ಆಯಿತು.

"ಇವ್ನ್ಯಾರು? ಓ, ಅಕ್ಕನ ಮಗ," ಎಂದ ಕತ್ತರಿ. "ಬಂತು ನೋಡಿ ಸಾರ್ ಕುಟುಂಬ."

"ಚಿಕ್ಕಮ್ಮನ ತುಣುಕು ಬರೀ ಅರವತ್ನಾಲ್ಕು ಬೈಟು, ಸಾರ್. ಹದಿನಾರೇ ಸಾಲು." ಗೋಡೆಯ ಪರದೆ ಮೇಲೆ ಅದನ್ನು ತೆರೆದು ತೋರಿಸಿದೆ. "ಹದಿನಾರನೇ ಸಾಲಲ್ಲಿ 'ಕರೆದಲ್ಲಿಗೆ ವಾಪಸ್ ಹೋಗು' ಅಂತ ಅಪ್ಪಣೆ ಇದೆ. ಅಲ್ಲಿಗೆ ಅದರ ಕಥೆ ಮುಗೀತು. ದೋಷ ಇರೋದು ಅದರ ಶುರುವಿಂದ ಸಾವಿರದ ನಾನೂರು ಬೈಟು ದೂರದಲ್ಲಿ. ಅದರ ಕೆಳಗಿರೋದಕ್ಕೆ ನಾನಿನ್ನೂ ಹೆಸರೇ ಇಟ್ಟಿಲ್ಲ. ವಿಳಾಸಕ್ಕೆ ಹೆಸರಿಲ್ದೇ ಇದ್ರೆ ಟೂಲು ಮೇಲಕ್ಕೆ ಹೋಗಿ, ಮೊದಲು ಸಿಗೋ ಹೆಸರನ್ನ ಹಿಡ್ಕೊಂಡು, ಅಲ್ಲಿಂದ ಇಷ್ಟು ದೂರ ಅಂತ ಬರಿಯತ್ತೆ. ಡಾಕ್ಟ್ರ ಮನೆಯಿಂದ ಇಪ್ಪತ್ತನೇ ಮನೇಲಿ ಕಳ್ಳತನ ಆದ್ರೆ ಡಾಕ್ಟ್ರನ್ನ ಜೈಲಿಗೆ ಹಾಕ್ತೀರಾ?"

"ಡೈಲಾಗ್ ಬೇಡ," ಎಂದ ಕತ್ತರಿ. "ಆ ಹದಿನಾರು ಸಾಲಿಂದ ಪ್ರೋಗ್ರಾಂ ಹಾರಿ ದೋಷ ಇರೋ ಜಾಗಕ್ಕೆ ಬಂದಿರಬಹುದಲ್ಲ?"

"ಹೊರಗೆ ಹಾರೋ ಅಪ್ಪಣೆ ಅದ್ರಲ್ಲಿ ಒಂದೂ ಇಲ್ಲ. ಎಣಿಸ್ಕೊಳ್ಳಿ."

ದೊಡ್ಡವರು ನಿಜವಾಗಿಯೂ ಎಣಿಸಿದರು. ಬೆರಳಿಟ್ಟು, ಒಂದೊಂದೇ ಸಾಲು.

"ಹೆಸರು ಗೊತ್ತಿಲ್ಲದಿದ್ರೆ ಬರೀ ಅಂಕಿ ತೋರಿಸ್ಬೇಕಿತ್ತಲ್ವೇನಯ್ಯಾ ನಿನ್ನ ಟೂಲು?" ಎಂದರು.

"ಮೊದ್ಲು ಹಾಗೇ ತೋರಿಸ್ತಿತ್ತು ಸಾರ್. ಅಂಕಿ ಇರೋ ಸಾಲು ರಿಪೋರ್ಟಲ್ಲಿ ಕಂಡ್ರೆ ಕೈ ಮುರೀತೀನಿ, ಪ್ರತಿ ಸಾಲಿಗೂ ಹೆಸರು ಇರ್ಲೇಬೇಕು ಅಂತ ಇವ್ರೇ ಆರ್ಡರ್ ಮಾಡಿದ್ರು."

ಕತ್ತರಿಯ ಮುಖ ಸುಟ್ಟ ಬದನೆಕಾಯಿಯಾಯಿತು. "ಹಾಗಾದ್ರೆ ಅದನ್ನ ಬರ್ದಿದ್ದು ಯಾರು? ಹೆಸರು ಹೇಳು!"

ನಿಜ ಹೇಳುತ್ತೇನೆ, ಕತ್ತರಿಯ ಹೆಸರೇ ನಾಲಿಗೆ ತುದಿಗೆ ಬಂದಿತ್ತು. ಬೆಳಗ್ಗೆ ಇದ್ದ ಕೋತಿಯೇ ಆಗಿದ್ದರೆ ತಮಾಷೆಗೆ ಹೇಳಿಯೇ ಬಿಡುತ್ತಿದ್ದೆ.

"ಗೊತ್ತಿಲ್ಲ," ಎಂದೆ.

"ಚಿಕ್ಕಮ್ಮ ಅಂತ ಹೆಸರಿಟ್ಟಿದ್ದು ಯಾರು?" ಎಂದರು ದೊಡ್ಡವರು.

"ನಾನೇ. ತಮಾಷೆಗೆ."

ದೊಡ್ಡವರು ಪೆನ್ನಿನ ಮುಚ್ಚಳ ಹಾಕಿದರು. ಮೇಡಂ ಕೆಲಸದಲ್ಲಿ ಇರುತ್ತಾರೆ, ಆ ಹೆಸರಿಲ್ಲದ ಭಾಗವನ್ನು ಹೊರಗಿನವರ ಕೈಯಲ್ಲಿ ಓದಿಸುತ್ತೇವೆ, ಕತ್ತರಿ ಉತ್ತರ ಕೊಡಲಿ ಎಂದರು. ನನ್ನ ಕಡೆ ನೋಡದೆಯೇ, "ನಾಳೆಯಿಂದ ಇವನು ಹೆಸರಿಡೋ ಕೆಲಸಕ್ಕೆ ಬೇಡ. ಗೋಡೌನಿಗೆ ಹಾಕಿ," ಎಂದು ಎದ್ದುಹೋದರು.

ಕಾರಿಡಾರಿನಲ್ಲಿ ಚಿಕ್ಕಮ್ಮ ಬಿರಬಿರನೆ ನಡೆಯುತ್ತಿದ್ದಳು. ಹಿಂದೆ ಓಡಿದೆ.

"ಚಿಕ್ಕಮ್ಮಾ, ಕೊನೇ ರೀಲಲ್ಲಿ ಬಂದು ಕಾಪಾಡ್ದೆ ತಾನೇ?"

"ಮನೆಗೆ ಬೆಂಕಿ ಇಟ್ಟೋನು ಒಂದು ಬಿಂದಿಗೆ ನೀರು ತಂದ್ರೆ ಶಾಲು ಹೊದಿಸ್ಬೇಕೇನೋ?"

"ಕೆಲಸ ಉಳೀತಲ್ಲ..."

"ಕೆಲಸ ಉಳೀತು." ಅವಳು ನಿಂತಳು. "ಆ ರಿಪೋರ್ಟು ಬೆಳಗ್ಗೆನೇ ಆ ಹೆಂಗಸಿನ ಮನೆಗೆ ಹೋಗಿದೆ ಕಣೋ. ಚಿಕ್ಕಮ್ಮ ಅಂದ್ರೆ ಯಾರು ಅಂತ ಆಗ್ಲೇ ಫೋನ್ ಮಾಡಿ ಕೇಳಿದ್ರಂತೆ. ನಮ್ಮೋರೇ ನನ್ನ ಹೆಸರು ಹೇಳಿದ್ರಂತೆ. ಮೂಳೆ ನೊಂದಾಗೆಲ್ಲ ಅವಳು ನನಗೆ ಶಾಪ ಹಾಕ್ತಾಳೆ. ಅಲ್ಲಿಗೆ ಹೋಗಿ ಯಾವ ಪರದೆ ತೋರಿಸ್ತೀಯ?"

ಚಿಕ್ಕಮ್ಮ ನನ್ನ ರಟ್ಟೆ ಹಿಡಿದು ತನ್ನ ಕೋಣೆಗೆ ಎಳೆದೊಯ್ದು, ಕುರ್ಚಿಗೆ ದಬ್ಬಿ, ಮುಂದೆ ಒಂದು ಬಿಳಿ ಹಾಳೆ ಇಟ್ಟಳು.

"ಬರಿ. ಅವಳಿಗೆ."

'ಮಾನ್ಯರೇ, ಈ ಕಥೆಯ ವಿಲನ್ ನಾನು' ಎಂದು ಶುರು ಮಾಡಿದೆ. ಅವಳು ಹಾಳೆ ಹರಿದು ಬುಟ್ಟಿಗೆ ಹಾಕಿ ಇನ್ನೊಂದು ಇಟ್ಟಳು. ಎರಡನೆಯದನ್ನೂ ಹರಿದಳು. ಮೂರನೆಯದರಲ್ಲಿ ನಾಲ್ಕೇ ಸಾಲು ಬರೆದೆ. ಚಿಕ್ಕಮ್ಮ ಎಂಬ ಹೆಸರು ಇಟ್ಟವನು ನಾನು, ಅವರು ಬರೆದ ತುಣುಕಿಗೂ ನಿಮ್ಮ ಕೈ ಮುರಿದದ್ದಕ್ಕೂ ಸಂಬಂಧವಿಲ್ಲ, ಯಾರ ತಪ್ಪೆಂದು ನಮಗಿನ್ನೂ ಗೊತ್ತಿಲ್ಲ, ಕ್ಷಮಿಸಿ.

ಅವಳು ಎರಡು ಸಲ ಓದಿದಳು. ಮಡಚಿ ಲಕೋಟೆಗೆ ಹಾಕಿ ಅಂಟಿಸಿದಳು.

"ಕೊಡು ಚಿಕ್ಕಮ್ಮಾ, ನಾನೇ ಹೋಗಿ ಕೊಟ್ಟು ಬರ್ತೀನಿ," ಎಂದು ಕೈ ಚಾಚಿದೆ.

"ಬೇಡ. ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ," ಎಂದು ಲಕೋಟೆ ಹಿಡಿದುಕೊಂಡು ಹೊರಟುಹೋದಳು.