ಬಿಡಿ ಬಿಡಿಯಾಗಿ ಓಡಿದ ಕಾರು

ನಾಗಮಣಿ ಮೈಸೂರಿಗೆ ಹೋಗಿದ್ದಾಗ ಸಂಪತ್ ಅವಳ ಮಾರಿಸ್ ಮೈನರ್ ಕಾರಿನ ಸ್ಟಿಯರಿಂಗ್ ಚಕ್ರವನ್ನು ತೆಗೆದು ತನ್ನ ಕಾರಿಗೆ ಹಾಕಿಕೊಂಡ. ಅವಳನ್ನು ಕೇಳಲಿಲ್ಲ.

ಪರದೇಶದ ಕನ್ನಡ ಸಂಘದಲ್ಲಿ ಪರಿಚಯವಾದ ಇಬ್ಬರೂ ಸೇರಿ, ಕಾಕಿ ಬುಕಿತ್ ಎಂಬ ಗ್ಯಾರೇಜುಗಳ ಬಡಾವಣೆಯಲ್ಲಿ ಒಂದು ಶೆಡ್ಡನ್ನು ಬಾಡಿಗೆಗೆ ಹಿಡಿದಿದ್ದರು. ಸಂಪತ್‌ನದೂ ಅದೇ ಮಾಡೆಲ್, ಆದರೆ ಅವನದು ಇಡಿಯಾಗಿತ್ತು. ನಾಗಮಣಿ ಕೊಂಡದ್ದು ಯಾರೋ ಬಿಚ್ಚಿಹಾಕಿದ್ದ ಕಾರು. ಗೋಡೆಗೆ ಒರಗಿದ ಬಾಗಿಲುಗಳು, ಹಳೆಯ ಬೆಡ್‌ಶೀಟ್ ಹೊದ್ದು ಮಲಗಿದ ಎಂಜಿನ್, ಬಿಸ್ಕೆಟ್ ಡಬ್ಬಗಳ ತುಂಬ ನಟ್ಟು ಬೋಲ್ಟು. ಮುಂದಿನ ಜಾಲರಿ ಇರಲೇ ಇಲ್ಲ. ಕಳೆದುಹೋಗಿದ್ದ ಹಾರ್ನ್‌ಗೆ ಬದಲಿ ಪೆನಾಂಗ್‌ನ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಅದರ ದನಿ ಮಾತ್ರ ಯಾವುದೋ ಲಾರಿಯದು.

ವಾರವಿಡೀ ಆಫೀಸಿನಲ್ಲಿ ಬೇರೆಯವರ ಸಾಫ್ಟ್‌ವೇರಿನ ತಪ್ಪು ಹುಡುಕುವವಳು ಭಾನುವಾರ ಬಂದು, ಯಾವುದಾದರೊಂದು ಭಾಗದ ತುಕ್ಕು ತಿಕ್ಕಿ, ಆಮೇಲೆ ನೆಲದ ಮೇಲಿದ್ದ ಸೀಟಿನಲ್ಲಿ ಕೂರುತ್ತಿದ್ದಳು. ಸ್ಟಿಯರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿದರೆ ಸಾಕು, ಶೆಡ್ಡಿನ ಶಟರ್ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಂಡು ಮೇಲೇಳುತ್ತಿತ್ತು. ಬಾಗಿಲುಗಳು ಗೋಡೆ ಬಿಟ್ಟು ಬಂದು ಅವಳ ಪಕ್ಕ ನಿಲ್ಲುತ್ತಿದ್ದವು. ಇಲ್ಲದ ಜಾಲರಿಯೊಳಗಿಂದ ಗಾಳಿ ನುಗ್ಗುತ್ತಿತ್ತು. ಪಾಸಿರ್ ರಿಸ್ ಕಡಲತೀರ ದಾಟಿದರೂ ರಸ್ತೆ ಮುಗಿಯುತ್ತಿರಲಿಲ್ಲ. ನೀರಿನ ಮೇಲೆ, ನಿಂತ ಹಡಗುಗಳ ನಡುವೆ, ಹಾಸಿಕೊಳ್ಳುತ್ತಲೇ ಹೋಗುತ್ತಿತ್ತು.

ಮೈಸೂರಿನಿಂದ ಮರಳಿ ಬಂದು ಬರಿಗೈಯಲ್ಲಿ ಕೂತಾಗ ಶಟರ್ ಅಲುಗಲಿಲ್ಲ.

ಹೋದ ವರ್ಷದ ಆಯುಧಪೂಜೆಗೆ ಕುಂಕುಮ ಎಲ್ಲಿಡುವುದು ಎಂಬ ಪ್ರಶ್ನೆ ಬಂದಿತ್ತು. ಇಡೀ ಕಾರಿಗಾದರೆ ಬಾನೆಟ್ಟಿಗೊಂದು ಬೊಟ್ಟು ಇಟ್ಟರಾಯಿತು. ಇದಕ್ಕೆ? ಯಾವುದಕ್ಕೂ ಬೇಜಾರಾಗದಿರಲಿ ಎಂದು ನಾಗಮಣಿ ಒಂದೊಂದು ಭಾಗಕ್ಕೂ ಇಟ್ಟಳು. ಚೆನ್ನಾಗಿ ಅಂಟಲಿ ಎಂದು ಗೇರ್ ಆಯಿಲ್‌ನಲ್ಲಿ ಕಲಸಿದ್ದೇ ಎಡವಟ್ಟಾಯಿತು. ಸ್ಟಿಯರಿಂಗಿನ ಬಿರುಕಿಗೆ ಇಳಿದ ಕೆಂಪು ಮತ್ತೆ ಹೋಗಲೇ ಇಲ್ಲ.

ಈ ವರ್ಷದ ಪೂಜೆಯ ಬೆಳಿಗ್ಗೆ ಸಂಪತ್‌ನ ಕಾರು ಚೆಂಡುಹೂ ಮುಡಿದು ನಿಂತಿತ್ತು. ಗಾಲಿಗಳಡಿಗೆ ನಿಂಬೆಹಣ್ಣು. ಕನ್ನಡ ಸಂಘದ ಸಮಾರಂಭಕ್ಕೆ ಭುವನೇಶ್ವರಿಯ ಪಟ ಅದರಲ್ಲೇ ಹೋಗಬೇಕಿತ್ತು.

"ನನ್ ಸ್ಟಿಯರಿಂಗ್ ವಾಪಸ್ ಕೊಡು ಸಂಪತ್."

"ಆಂಟಿ, ನಂದು ಲಾಸ್ಟ್ ಮಿನಿಟ್‌ನಲ್ಲಿ ಮುರಿದು ಕೈಗೆ ಬಂತು. ನಿಮ್ದು ಸುಮ್ನೆ ಬಿದ್ದಿತ್ತಲ್ಲ. ಹೇಗಿದ್ರೂ ಅದು ಕಾರಲ್ಲ, ಸ್ಪೇರ್ ಪಾರ್ಟ್ಸ್."

"ಆ ಸ್ಪೇರ್ ಪಾರ್ಟ್ ಇಲ್ದೆ ನಿನ್ ಕಾರು ತಿರುವಲ್ಲಿ ಏನ್ ಮಾಡುತ್ತೆ?"

"ಸಂಘಕ್ಕೋಸ್ಕರ ತಾನೇ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಅಡ್ಜಸ್ಟ್ ಮಾಡ್ಕೊಳ್ಳೋಕೆ ಸಂಘದಲ್ಲಿ ನಾನೊಬ್ಳೇ ಮೆಂಬರಾ?"

ಸಂಪತ್‌ನ ಹೆಂಡತಿ ಜ್ಯೋತ್ಸ್ನಾ ಆರತಿ ತಟ್ಟೆಯನ್ನು ಮುಂದೆ ಚಾಚಿದಳು. "ಹಿರಿಯರು, ನೀವೇ ಎತ್ತಿಬಿಡಿ ಆಂಟಿ. ಹಬ್ಬದ ದಿನ ಯಾಕೆ ಇದೆಲ್ಲ."

ನಾಗಮಣಿ ತಟ್ಟೆ ಮುಟ್ಟಲಿಲ್ಲ. ಕಾರಿನ ಬಾಗಿಲು ತೆರೆದು ಒಳಗೆ ಕೂತಳು. ಸ್ಟಿಯರಿಂಗಿನ ಹೊಸ ಪಾಲಿಶಿನ ಮೇಲೆ ಬೆರಳು ತಡವುತ್ತಾ ಹೋಯಿತು. ಬಿರುಕು ಸಿಕ್ಕಿತು, ಬಿರುಕಿನೊಳಗೆ ಕೆಂಪು. ಎರಡೂ ಕೈಯಲ್ಲಿ ಹಿಡಿದಳು. ಶೆಡ್ಡಿನ ಮೂಲೆಯಲ್ಲಿ ಡಬ್ಬಗಳೊಳಗಿನ ನಟ್ಟು ಬೋಲ್ಟುಗಳು ಮೆಲ್ಲಗೆ ಮಗ್ಗುಲು ಬದಲಿಸಿದವು. ಬೆಡ್‌ಶೀಟಿನೊಳಗೆ ಎಂಜಿನ್ ಉಸಿರೆಳೆದುಕೊಂಡಿತು. ಲಾರಿಯ ದನಿಯ ಹಾರ್ನ್ ಒಮ್ಮೆ ಕೆಮ್ಮಿತು. ಎಲ್ಲಿಂದಲೋ ಉಪ್ಪುಗಾಳಿ ಬಂತು.

"ಇಳೀರಿ ಆಂಟಿ." ಸಂಪತ್ ಕಿಟಕಿಗೆ ಬಗ್ಗಿದ್ದ. "ಹಾಲ್‌ನಲ್ಲಿ ಎಲ್ರೂ ಕಾಯ್ತಿದಾರೆ. ಇಳೀರಿ."

"ಸ್ಪ್ಯಾನರ್ ತಗೊಂಡ್ ಬಂದು ಇದನ್ನ ಬಿಚ್ಚು," ಎಂದಳು ನಾಗಮಣಿ, ಕಣ್ಣು ಕಡಲಿನ ಮೇಲಿಂದ ತೆಗೆಯದೆ. "ಅಲ್ಲೀವರೆಗೂ ನಾನು ಇಳಿಯಲ್ಲ."