ಶಾಂತಿ ಹೇಳುವ ಹೊತ್ತು

ಕರೆಂಟು ಹೋಗಿ ಕೀಬೋರ್ಡು ರಾಗದ ನಡುವೆಯೇ ನಿಂತುಹೋಯಿತು. ಹಾಳಾದ ಕರೆಂಟಿಗೆ ಹೋಗಲು ಬೇರೆ ಹೊತ್ತೇ ಸಿಗಲಿಲ್ಲವೇ? ಫಾದರ್ ಆಗಷ್ಟೇ "ಒಬ್ಬರಿಗೊಬ್ಬರು ಶಾಂತಿ ಹೇಳಿ" ಎಂದಿದ್ದರು. ಚರ್ಚಿನ ತುಂಬ ಜನ ಅಕ್ಕಪಕ್ಕದವರ ಕೈ ಹಿಡಿಯುತ್ತಿದ್ದರು. ಟೀಚರಮ್ಮನ ಕೈಗಳು ಮಾತ್ರ ಕೀಬೋರ್ಡಿನ ಮೇಲೆ ಸುಮ್ಮನೆ ಉಳಿದವು.

ಅವಳು ಕೀಬೋರ್ಡು ಕಲಿತದ್ದು ಭಕ್ತಿಯಿಂದಲ್ಲ. ನುಡಿಸುತ್ತಿರುವವರ ಕೈ ಹಿಡಿಯಲು ಯಾರೂ ಬರುವುದಿಲ್ಲ, ಅಷ್ಟೇ. ನೋಡದೆ ವ್ಯಾನನ್ನು ಹಿಂದಕ್ಕೆ ತೆಗೆದು ಅವಳ ಒಬ್ಬನೇ ಮಗನನ್ನು ಕೊಂದ ಡ್ರೈವರ್, ಜೈಲಿನಿಂದ ಬಂದ ಮೇಲೆ ಪ್ರತಿ ಭಾನುವಾರ ಕೊನೆಯ ಬೆಂಚಿಗೆ ಬರುತ್ತಿದ್ದ. ಶಾಂತಿ ಹೇಳುವ ಹೊತ್ತಿಗೆ ಎದ್ದು ಹೋಗುತ್ತಿದ್ದ, ನಿಜ. ಆದರೆ ಎಂದಾದರೂ ಕೈ ಚಾಚಿಬಿಟ್ಟರೆ?

'ಬೇರೆ ಹೃದಯ ಕೊಡಪ್ಪಾ' ಎಂದು ಬೇಡಿ ಬೇಡಿ ಅವಳ ನಾಲಿಗೆ ಸವೆದಿತ್ತು. ಮಗ ಹೋದ ದಿನ ಕಲ್ಲಾದ ಎದೆ ಕಲ್ಲಾಗಿಯೇ ಇತ್ತು. ಅಡುಗೆ ಮಾಡುತ್ತಿದ್ದಳು, ಪಾಠ ಹೇಳುತ್ತಿದ್ದಳು, ಅಳು ಮಾತ್ರ ಬರುತ್ತಿರಲಿಲ್ಲ. "ಸ್ವಲ್ಪ ಸುಮ್ನಿರೆ, ದೇವರಿಗೂ ಬೇಜಾರಾಗಿರತ್ತೆ" ಎಂದು ಗಂಡ ನಗಿಸಲು ನೋಡಿ ಸೋತಿದ್ದ.

ಇವತ್ತು ಸಂಗೀತವಿಲ್ಲದ್ದರಿಂದ ಕೊನೆಯ ಬೆಂಚು ಕಿರುಗುಟ್ಟಿದ್ದು ಮುಂದಿನ ಸಾಲಿನವರೆಗೂ ಕೇಳಿಸಿತು. ಡ್ರೈವರ್ ತಲೆ ತಗ್ಗಿಸಿಕೊಂಡು ಬಾಗಿಲ ಕಡೆ ಹೊರಟಿದ್ದ.

ಯಾಕೆ ಎದ್ದಳೋ ಅವಳಿಗೇ ಗೊತ್ತಾಗಲಿಲ್ಲ. ಕರುಣೆಯೇನೂ ಉಕ್ಕಿ ಬರಲಿಲ್ಲ. ಹೊಟ್ಟೆಯಲ್ಲಿ ಹಳೆಯ ಬೆಂಕಿಯೇ ಇತ್ತು, ಆದರೂ ಬಾಗಿಲ ಕಡೆ ನಡೆದಳು. ಜನ ಸರಿದು ದಾರಿ ಬಿಟ್ಟರು. ಅವಳು ಬರುವುದನ್ನು ಕಂಡು ಅವನು ಗೋಡೆಗೆ ಅಂಟಿಕೊಂಡ.

"ಹೋಗ್ತೀನಿ ಅಕ್ಕಾ. ಇನ್ಮೇಲೆ ಬರಲ್ಲ."

ಶಾಂತಿ ಎನ್ನುವ ಮಾತು ಅವಳ ಗಂಟಲು ದಾಟಲಿಲ್ಲ.

"ಪೂಜೆ ಇನ್ನೂ ಮುಗಿದಿಲ್ಲ," ಎಂದಳು. "ಕೂತ್ಕೊ."

ಅವನು ಅಲ್ಲಾಡಲಿಲ್ಲ. ಅವನ ಕೈ ಮುಟ್ಟಲು ಅವಳಿಂದಾಗಲಿಲ್ಲ. ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಬೆಂಚಿನ ತನಕ ಎಳೆದು ತಂದಳು. ಆಟ ಬಿಟ್ಟು ಬಾರದ ಮಗನನ್ನು ಊಟಕ್ಕೆ ಎಳೆದು ತರುತ್ತಿದ್ದದ್ದೂ ಹೀಗೆಯೇ. ಅದು ನೆನಪಾದದ್ದೇ ತಡ, ಕರುಳು ಕಿತ್ತು ಬಂದಂತಾಯಿತು. ಅವನ ಪಕ್ಕದಲ್ಲೇ ಕುಸಿದು ಕೂತು, ಮಗ ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು.

ಕರೆಂಟು ಬಂತು. ಕೀಬೋರ್ಡಿನ ಕೆಂಪು ದೀಪ ಹೊತ್ತಿಕೊಂಡಿತು. ಫಾದರ್ ಒಮ್ಮೆ ಹಿಂದಿನ ಬೆಂಚಿನ ಕಡೆ ನೋಡಿ, ಸಂಗೀತವಿಲ್ಲದೆಯೇ ಪೂಜೆ ಮುಂದುವರಿಸಿದರು. ಅವಳ ಬೆರಳುಗಳು ಇನ್ನೂ ಆ ಅಂಗಿಯ ತೋಳನ್ನು ಬಿಟ್ಟಿರಲಿಲ್ಲ.